ಹಳಿಯಂಚಿನ ಹಳದಿ ಹೂ

ರೈಲು ಹಳಿಯ ಪಕ್ಕದ ದಿಬ್ಬದಲ್ಲಿ ಒಂದೇ ಒಂದು ಹಳದಿ ಹೂವೂ ಉಳಿದಿರಲಿಲ್ಲ. ಸಂಶೋಧಕಿ ಖಾಲಿ ಚೀಲ ಹಿಡಿದು ಅತ್ತಿತ್ತ ನೋಡಿದಳು. ಈ ಕಾಡುಹೂವಿನ ಸಾರ ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಕೊಂದಿದೆ ಎಂದು ಪತ್ರಿಕೆಯಲ್ಲಿ ಬಂದದ್ದೇ ತಡ, ಜನ ಗಿಡಗಳನ್ನು ಬೇರುಸಹಿತ ಕಿತ್ತೊಯ್ದಿದ್ದರು. ಹೂವಿಲ್ಲದೆ ಅವಳ ಕೆಲಸ ಅರ್ಧಕ್ಕೆ ನಿಂತಿತ್ತು.

ದಿಬ್ಬದ ಕೊನೆಯಲ್ಲಿ ಬಸ್ ಡ್ರೈವರೊಬ್ಬ ಸಮವಸ್ತ್ರದಲ್ಲೇ ಮಂಡಿಯೂರಿ ಕೂತಿದ್ದ. ಅವನ ಟೋಪಿಯ ತುಂಬ ಅದೇ ಹೂ. ತುಸು ದೂರದ ಬೆಂಚಿನ ಮೇಲೆ ಅವನ ಹೆಂಡತಿ, ಕೂದಲುದುರಿದ ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಕುಳಿತಿದ್ದಳು.

“ಅದನ್ನ ಏನ್ಮಾಡ್ತೀರಿ?” ಸಂಶೋಧಕಿ ಕೇಳಿದಳು.

“ಕುದಿಸಿ ಕುಡಿಸ್ತೀನಿ. ಪೇಪರಲ್ಲಿ ಓದಲಿಲ್ವಾ ನೀವು?”

“ಆ ಪ್ರಯೋಗ ಮಾಡಿದ್ದು ನಾನೇ. ದಯವಿಟ್ಟು ಕುಡಿಸಬೇಡಿ. ಕ್ಯಾನ್ಸರ್ ಜೀವಕೋಶ ಅಷ್ಟೇ ಅಲ್ಲ, ಚೆನ್ನಾಗಿರೋ ಜೀವಕೋಶಗಳೂ ಸತ್ತಿವೆ. ಅವನ್ನ ಉಳಿಸಿಕೊಳ್ಳೋದು ಹೇಗೆ ಅಂತಾನೇ ಈಗ ನೋಡ್ತಿರೋದು. ಆ ಹೂ ನನಗೆ ಕೊಟ್ಟರೆ...”

“ಎಷ್ಟು ದಿನ ಬೇಕು?”

“ವರ್ಷಗಳೇ ಬೇಕು.”

ಡ್ರೈವರ್ ಟೋಪಿಯನ್ನು ಎದೆಗವಚಿಕೊಂಡ. “ಅವಳಿಗೆ ಅಷ್ಟು ಟೈಮಿಲ್ಲ, ಮೇಡಂ. ಡಾಕ್ಟ್ರು ಕೈಚೆಲ್ಲಿ ಕೂತಿದ್ದಾರೆ. ನಾನೂ ಸುಮ್ನೆ ಕೂತ್ಕೊಳ್ಳಲಾ?”

ಸಂಶೋಧಕಿ ಮುಂದೆ ಚಾಚಿದ್ದ ಚೀಲವನ್ನು ಹಿಂದಕ್ಕೆಳೆದುಕೊಂಡಳು.

ಅಷ್ಟರಲ್ಲಿ ಹೆಂಡತಿ ಎದ್ದು, ನಿಧಾನಕ್ಕೆ ಹೆಜ್ಜೆಯಿಡುತ್ತ ಬಂದಳು. “ಏನ್ರೀ ಅದು?” ಎಂದು ಟೋಪಿಯೊಳಗೆ ಇಣುಕಿದಳು. ಸಂಶೋಧಕಿ ಹೇಳಿದ್ದನ್ನೇ ಅವಳಿಗೂ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ. ಎಲ್ಲ ಕೇಳಿಯಾದ ಮೇಲೆ ಹೆಂಡತಿ ಗಂಡನ ಕೈಯಿಂದ ಟೋಪಿ ಬಿಡಿಸಿಕೊಂಡು, ಹೂವನ್ನೆಲ್ಲ ಸಂಶೋಧಕಿಯ ಚೀಲಕ್ಕೆ ಸುರಿದಳು.

“ಇವರು ಮಾಡೋ ಟೀನೇ ಗಂಟಲಲ್ಲಿ ಇಳಿಯಲ್ಲ, ಇನ್ನು ಕಷಾಯ ಬೇರೆ.”

“ನಿನಗೆ ಬದುಕೋ ಆಸೆ ಇಲ್ವೇನೇ?” ಎಂದ ಡ್ರೈವರ್.

“ಇದೆ ಕಣ್ರೀ. ಅದಕ್ಕೇ, ಇರೋಷ್ಟು ದಿನಾನ ಇದನ್ನ ಕುಡ್ದು ವಾಂತಿ ಮಾಡ್ಕೊಂಡು ಕಳೆಯೋಕೆ ಇಷ್ಟ ಇಲ್ಲ.”

ಅವಳು ಟೋಪಿಯನ್ನು ಕೊಡವಿ ಅವನ ತಲೆಗಿಟ್ಟಳು. ಇಬ್ಬರೂ ಹಳಿಯ ಪಕ್ಕದ ರಸ್ತೆ ಹಿಡಿದು ಮನೆಯ ಕಡೆ ಹೊರಟರು. ಡ್ರೈವರನ ಕಣ್ಣು ಮಾತ್ರ ದಾರಿಯುದ್ದಕ್ಕೂ ಹಳಿಯಂಚಿನ ಹುಲ್ಲನ್ನು ತಡಕುತ್ತಲೇ ಇತ್ತು.  ಹೆಂಡತಿ ಅವನನ್ನು ರಸ್ತೆಯ ಮಗ್ಗುಲಿಗೆ ಸರಿಸಿ, ಆ ಹುಲ್ಲು ಅವನಿಗೆ ಕಾಣದಂತೆ ಹಳಿಯ ಮಗ್ಗುಲಲ್ಲಿ ತಾನು ನಡೆಯತೊಡಗಿದಳು.