ಮೋಂಜಿಯ ನಾಲ್ಕು ನಿಮಿಷ

ಮನೆಮನೆಗೆ ಊಟ ತಲುಪಿಸುವ ಆ್ಯಪ್ ಮತ್ತೆ ನಿಂತುಹೋಗಿತ್ತು. ಅದನ್ನು ಎಬ್ಬಿಸಬೇಕಾದ ಪ್ರೋಗ್ರಾಂ ಮಾತ್ರ ತೆಪ್ಪಗಿತ್ತು. ಪರದೆಯ ಮುಂದಿದ್ದ ದೊರ್ಸಾಫ್ ಬಾಗಿಲ ಕಡೆ ನೋಡಿದಳು.

"ಪ್ರತಿ ಸಲ ನಾಲ್ಕು ನಿಮಿಷ ಯಾಕಮ್ಮ ಕಾಯತ್ತೆ ಇದು? ಸೀಟು ತುಂಬ್ಲಿ ಅಂತ ಕಾಯೋ ಸ್ಫಾಕ್ಸ್ ಊರಿನ ವ್ಯಾನ್ ಡ್ರೈವರ್ ಥರ!" ಮೇಲಧಿಕಾರಿ ಲಸ್ಸಾದ್ ಸಿಡುಕಿದ. "ಹಸಿದ ಜನ ಫೋನಲ್ಲಿ ನನ್ನ ಜನ್ಮ ಜಾಲಾಡ್ತಿದಾರೆ."

"ಈ ಕೆಲಸ ಮೋಂಜಿ ನೋಡ್ಕೊಳ್ತಿದ್ದಾಗ ಹೀಗೇ ಮಾಡ್ತಿದ್ದ, ಲಸ್ಸಾದ್ ಸರ್. ಅವನ ಮೂರು ವರ್ಷದ ಕೆಲಸ ನೋಡಿ ತಾನೇ ಇದು ಕಲಿತಿದ್ದು?"

"ಅವನಾದ್ರೂ ಯಾಕೆ ಕಾಯ್ತಿದ್ದ?"

"ಗೊತ್ತಿಲ್ಲ," ಎಂದಳು.

ಗೊತ್ತಿತ್ತು. ಆ್ಯಪ್ ನಿಂತಾಗಲೆಲ್ಲ ಮೋಂಜಿ ಮೊದಲು ಎದ್ದುಹೋಗಿ, ನಾಲ್ಕು ನಿಮಿಷದಲ್ಲಿ ಎರಡು ಲೋಟ ಪುದೀನ ಚಹಾ ಹಿಡಿದು ಅದೇ ಬಾಗಿಲಿಂದ ಬರುತ್ತಿದ್ದ. ಅವಳ ಲೋಟದಲ್ಲಷ್ಟೇ ಬಾದಾಮಿ ತೇಲುತ್ತಿತ್ತು. "ನೀನು ಕುಡಿ, ಇದೇನು ಓಡಿಹೋಗಲ್ಲ," ಎಂದು ಆಮೇಲೆ ಗುಂಡಿ ಒತ್ತುತ್ತಿದ್ದ. ಅವನು ತೀರಿಕೊಂಡು ಎಂಟು ತಿಂಗಳಾಗಿತ್ತು. ಅವನಿಗೆ ಹೇಳಬೇಕಿದ್ದ ಒಂದು ಮಾತು ಅವಳಲ್ಲೇ ಉಳಿದಿತ್ತು.

"ಇದು ಕಾದಾಗಲೆಲ್ಲ, ಕೆಲಸಕ್ಕೆ ಅಂತ ಇದಕ್ಕೆ ಕೊಡೋ ಅಂಕದಲ್ಲಿ ಒಂದು ಕಳೀತಾ ಹೋಗು," ಎಂದ ಲಸ್ಸಾದ್. "ಅಂಕ ಹೋದ್ರೆ ತಾನಾಗೇ ಬುದ್ಧಿ ಬರತ್ತೆ."

ಅವಳು ಕಳೆದಳು. ವಾರವಿಡೀ, ಒಂದೊಂದು ಕಾಯುವಿಕೆಗೂ ಒಂದೊಂದು ಅಂಕ.

ಗುರುವಾರ ಮಧ್ಯಾಹ್ನ ಆ್ಯಪ್ ನಿಂತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಪ್ರೋಗ್ರಾಂ ಅದನ್ನು ಎಬ್ಬಿಸಿತು.

"ಭೇಷ್! ನೋಡಿದ್ಯಾ, ಮರೆತೇಬಿಡ್ತು!" ಲಸ್ಸಾದ್ ಚಪ್ಪಾಳೆ ತಟ್ಟಿದ.

ದೊರ್ಸಾಫ್ ಬಾಗಿಲ ಕಡೆ ತಿರುಗಿ, ಆ ನಾಲ್ಕು ನಿಮಿಷ ತಾನೊಬ್ಬಳೇ ಕಾದಳು.