ಕಪಾಟಿನ ಬೆನ್ನು

ಒತ್ತಾವಿಯೊ ಕಂಬಳಿ ಬಿಚ್ಚಿ ಚಿತ್ರವನ್ನು ಚರ್ಚಿನ ಮೇಜಿನ ಮೇಲಿಟ್ಟಾಗ ಜೆಲಿಂದಾ ಕೈ ಮುಗಿಯಲಿಲ್ಲ, ಅಳಲೂ ಇಲ್ಲ. ಸೆರ್ರಾಲ್ತಾ ಎಂಬ ಆ ಬೆಟ್ಟದೂರಿಗೆ ಪಾದ್ರಿ ಬರುತ್ತಿದ್ದುದು ತಿಂಗಳಿಗೆ ಎರಡು ಸಲ. ಉಳಿದಂತೆ ಚರ್ಚನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. ಎರಡು ಅಂಗೈ ಅಗಲದ ಹಲಗೆ. ನೀಲಿ ಮುಸುಕಿನ ಮೇರಿ ಮಾತೆ, ಮಡಿಲಲ್ಲಿ ಮಗು, ಮಗುವಿನ ಕೈಯಲ್ಲಿ ಬಿರಿದ ದಾಳಿಂಬೆ.

"ಇದೇ," ಎಂದಳು. "ಮೂವತ್ತೊಂದು ವರ್ಷ ಎಲ್ಲಿಟ್ಟಿದ್ರಿ ಯಜಮಾನ್ರೇ?"

"ಫ್ಲಾರೆನ್ಸಲ್ಲಿ, ನಮ್ಮನೇಲಿ. ಊಟದ ಮೇಜಿನ ಎದುರುಗಡೆ. ಅಂಗಡೀಲಿ ಕೊಂಡಿದ್ದಮ್ಮ, ಕದ್ದ ಮಾಲು ಅಂತ ಗೊತ್ತಿರಲಿಲ್ಲ. ಹೋದ ತಿಂಗಳು ಪೊಲೀಸರ ಹಳೇ ಪಟ್ಟೀಲಿ ಇದರ ಫೋಟೋ ನೋಡಿದೆ. ಆವತ್ತಿಂದ ಇದರ ಎದುರು ಕೂತ್ರೆ ಊಟ ಸೇರ್ತಿಲ್ಲ."

"ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?"

"ಯಾರಿಗೂ ಇಲ್ಲ."

ನಲವತ್ತು ವರ್ಷಗಳಿಂದ ಅವನು ಐನೂರು ವರ್ಷ ಹಳೆಯ ಚಿತ್ರಗಳನ್ನೂ ಆಕ್ರೋಟು ಮರದ ಕುರ್ಚಿ, ಪೆಟ್ಟಿಗೆಗಳನ್ನೂ ಹುಡುಕಿ ಹುಡುಕಿ ಕೂಡಿಸಿದ್ದ. ಅವೆಲ್ಲದರಲ್ಲಿ ಇದೆಂದರೆ ಅವನಿಗೆ ಜೀವ. ಹೆಂಡತಿ ತೀರಿಕೊಂಡ ಮೇಲಂತೂ ಬೆಳಗ್ಗೆ ಎದ್ದು ಮೊದಲು ಮಾತಾಡಿಸುತ್ತಿದ್ದುದು ಇದನ್ನೇ. ಕಾರು ಬೆಟ್ಟ ಹತ್ತುವಾಗ, ಊರಿನವರು ತನ್ನನ್ನು ತಬ್ಬಿಕೊಂಡಾರು, ಒಂದು ಲೋಟ ವೈನಾದರೂ ಕೊಟ್ಟಾರು ಎಂದುಕೊಂಡಿದ್ದ. ಈ ಹೆಂಗಸು ಕೂತುಕೊಳ್ಳಿ ಎಂದೂ ಹೇಳಿರಲಿಲ್ಲ.

"ನಮ್ಮಪ್ಪ ಅದೆಲ್ಮೊ ಇಲ್ಲಿ ಗಂಟೆ ಹೊಡೀತಿದ್ದ," ಎಂದಳು ಜೆಲಿಂದಾ. "ಈ ಮಾತೆಯನ್ನ ವರ್ಷಕ್ಕೆ ಒಂದೇ ಸಲ, ಹಬ್ಬಕ್ಕೆ ಹೊರಗೆ ತೆಗೀತಿದ್ವಿ. ಮಿಕ್ಕ ದಿನ ಅಗೋ, ಆ ಕಪಾಟಲ್ಲಿ. ಬೀಗದ ಕೈ ಒಂದೇ, ಅದು ಅಪ್ಪನ ಸೊಂಟದಲ್ಲಿ. ಆ ವರ್ಷ ಹಬ್ಬದ ದಿನ ತೆಗೆದು ನೋಡಿದ್ರೆ ಒಳಗೆ ಬರೀ ಸುತ್ತಿದ್ದ ಬಟ್ಟೆ. ಬೀಗ ಒಡೆದಿಲ್ಲ, ಬಾಗಿಲು ಕಿತ್ತಿಲ್ಲ. ಇನ್ಯಾರ ಮೇಲೆ ಅನುಮಾನ ಬರುತ್ತೆ ಹೇಳಿ?"

"ಪೊಲೀಸರು ಏನಂದ್ರು?"

"ಸಾಕ್ಷಿ ಇಲ್ಲ ಅಂತ ಅವರು ಬಿಟ್ರು. ಊರಿನವರು ಬಿಡ್ಲಿಲ್ಲ. ಸಾಯೋವರೆಗೂ ಅವನು ಕೂತ ಬೆಂಚಲ್ಲಿ ಇನ್ನೊಬ್ರು ಕೂರ್ಲಿಲ್ಲ. ನಾನೂ ಒಂದು ಸಲ ಕೇಳಿಬಿಟ್ಟೆ. ಅಪ್ಪಾ, ನನ್ನ ಹತ್ರನಾದ್ರೂ ನಿಜ ಹೇಳು ಅಂತ."

ಒತ್ತಾವಿಯೊ ಕಪಾಟಿನ ಹತ್ತಿರ ಹೋದ. ಆಳೆತ್ತರದ, ಕಪ್ಪಿಟ್ಟ ಆಕ್ರೋಟು ಮರ. ತನ್ನ ಮನೆಯಲ್ಲೇ ಇಂಥದ್ದು ಇರಲಿಲ್ಲ. ಬಾಗಿಲ ಮೇಲೆ ಕೈಯಾಡಿಸಿದ, ಬೀಗಕ್ಕೆ ಕಣ್ಣು ಹಚ್ಚಿ ನೋಡಿದ. ಆಮೇಲೆ ಯಾವ ಅಂಗಡಿಗೆ ಹೋದರೂ ಮಾಡುತ್ತಿದ್ದ ಕೆಲಸವನ್ನೇ ಇಲ್ಲೂ ಮಾಡಹೊರಟ.

"ಒಂದು ಕೈ ಕೊಡಿ. ಇದನ್ನ ಗೋಡೆಯಿಂದ ಈಚೆಗೆ ಎಳೀಬೇಕು."

"ಯಾಕೆ, ಇದನ್ನೂ ಮನೆಗೆ ತಗೊಂಡು ಹೋಗೋ ಯೋಚನೆನಾ?"

"ಮುಂಭಾಗ ಮಾತ್ರ ನೋಡಿ ಸಾಮಾನು ತಗೊಂಡು ಎಷ್ಟೋ ಸಲ ಮೋಸ ಹೋಗಿದೀನಮ್ಮ. ಅದಕ್ಕೆ ಈಗ ಬೆನ್ನು ನೋಡ್ತೀನಿ. ಎಳೀರಿ."

ಇಬ್ಬರೂ ಸೇರಿ ಎಳೆದರು. ಕಪಾಟು ಕಲ್ಲುನೆಲದ ಮೇಲೆ ಕರಕರ ಎನ್ನುತ್ತ ಮೊಳದಷ್ಟು ಸರಿಯಿತು. ಒತ್ತಾವಿಯೊ ಸಂದಿಯಲ್ಲಿ ತೂರಿಕೊಂಡು, ಮೊಣಕಾಲೂರಿ, ಫೋನಿನ ಬೆಳಕು ಬಿಟ್ಟ. ಜೇಡರ ಬಲೆ ಒರೆಸಿದ. ಹಲಗೆಗಳ ಮೇಲೆ ಬೆರಳಾಡಿಸುತ್ತ ಹೋದ.

"ಬನ್ನಿ ಇಲ್ಲಿ. ಬೆರಳಿಟ್ಟು ನೋಡಿ," ಎಂದ ಕೊನೆಗೆ. "ಈ ಅಂಚಿನ ಹಲಗೆಗಳಲ್ಲಿ ಇರೋದು ಕಮ್ಮಾರ ಬಡಿದ ಮೊಳೆ, ಒಂದರ ಹಾಗೆ ಇನ್ನೊಂದಿಲ್ಲ. ನಡುವಿನ ಈ ಎರಡು ಹಲಗೆಗೆ ನೋಡಿ, ಎಲ್ಲ ಒಂದೇ ಥರ, ಗುಂಡು ತಲೆ. ಕಾರ್ಖಾನೆ ಮೊಳೆ. ಇಲ್ಲಿ ಸಲಾಕೆ ಹಾಕಿ ಮೀಟಿದ ಗಾಯ. ಹಿಂದಿಂದ ಕಿತ್ತು ಚಿತ್ರ ತೆಗೆದಿದ್ದಾರೆ, ಹೊಸ ಮೊಳೆ ಹೊಡೆದು ಮತ್ತೆ ಗೋಡೆಗೆ ತಳ್ಳಿದ್ದಾರೆ. ಹಬ್ಬದವರೆಗೆ ಯಾರಿಗೂ ಗೊತ್ತಾಗಬಾರದು ಅಂತ."

"ಅಪ್ಪನೇ ಯಾಕೆ ಹಿಂಗೆ ಮಾಡಿರಬಾರದು?" ಊರು ಕೇಳಬಹುದಾದದ್ದನ್ನು ಅವಳೇ ಕೇಳುತ್ತಿದ್ದಳು.

"ಸೊಂಟದಲ್ಲಿ ಬೀಗದ ಕೈ ಇರೋನು ಹಲಗೆ ಯಾಕೆ ಕೀಳ್ತಾನಮ್ಮ?"

ಜೆಲಿಂದಾ ಧೂಳಿನಲ್ಲೇ ಕೂತಳು. ಗುಂಡುತಲೆಯ ಮೊಳೆಗಳನ್ನು ಒಂದೊಂದಾಗಿ, ಮೇಲಿನಿಂದ ಕೆಳಗಿನವರೆಗೆ ಮುಟ್ಟಿದಳು. ಹೊರಗೆ ಯಾರೋ ಕತ್ತೆಯನ್ನು ಗದರಿಸುತ್ತ ಹಾದುಹೋದರು. ಅವಳು ಮುಖ ಒರೆಸಿಕೊಂಡು ಎದ್ದಳು. ಒತ್ತಾವಿಯೊನ ಕೋಟಿಗೆ ಹತ್ತಿದ ಬಲೆಯನ್ನು ಕೊಡವಿದಳು.

"ಮುಂದಿನ ಭಾನುವಾರ ಹಬ್ಬ. ನೀವು ಬರ್ಬೇಕು. ಊಟ ನಮ್ಮನೇಲಿ."

ಅಷ್ಟು ಹೇಳಿ ನೇರ ಹೋಗಿ ಗಂಟೆಯ ಹಗ್ಗಕ್ಕೆ ಜೋತುಬಿದ್ದಳು. ಮಧ್ಯಾಹ್ನದ ಗಂಟೆ ಆಗಲೇ ಆಗಿತ್ತು, ಪೂಜೆಯ ದಿನವೂ ಅಲ್ಲ. ಚೆಸ್ಟ್‌ನಟ್ ಕಾಯಿಯ ಹಿಟ್ಟು ಮೆತ್ತಿದ ಕೈಯಲ್ಲೇ ಹೆಂಗಸರು ಓಡಿಬಂದರು. ಮುದುಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು.

"ಯಾರು ತೀರ್ಕೊಂಡ್ರೇ, ಜೆಲಿಂದಾ?"

ಆಗ ಮೇಜಿನ ಮೇಲಿನ ಮಾತೆ ಕಣ್ಣಿಗೆ ಬಿದ್ದಳು. ಒಬ್ಬಳು ಚೀರಿದಳು. ಎಲ್ಲರೂ ಒಮ್ಮೆಲೇ ಆ ಕಡೆಗೆ ನುಗ್ಗಿದರು. ಜೆಲಿಂದಾ ಎರಡೂ ಕೈ ಚಾಚಿ ಅಡ್ಡ ನಿಂತಳು.

"ಸಾಲಾಗಿ ಬನ್ನಿ. ಮೊದ್ಲು ಕಪಾಟಿನ ಹಿಂದಕ್ಕೆ ಹೋಗಿ ಆ ಮೊಳೆ ಮುಟ್ಟಿ ನೋಡ್ಬೇಕು. ಆಮೇಲೆ ಮಾತೆಗೆ ಕೈ ಮುಗೀರಿ."