ಏಳನೆಯ ಬಾವಿ

ಮಂಗಳ ಗ್ರಹದ ನೆಲದಡಿ ಜೀವಾಣು ಸಿಕ್ಕ ಕೊಳವೆಬಾವಿಯನ್ನು ಮುಚ್ಚಲೇಬೇಕೆಂಬುದು ಕಾಯಿದೆ. ಆರು ಬಾವಿಗಳು ಹಾಗೆ ಮುಚ್ಚಿಹೋಗಿದ್ದವು. ಏಳನೆಯದರ ನೀರನ್ನು ಪರೀಕ್ಷಿಸುತ್ತಿದ್ದ ನೀಲಾಂಬಿಕೆ ಬೆಳಗಿನಿಂದ ಒಂದೆಡೆ ಕೂತಿರಲಿಲ್ಲ. ಮೂರನೆಯ ಸಲ ನೋಡಿದಾಗಲೂ ಸೂಕ್ಷ್ಮದರ್ಶಕದಡಿ ಜೀವಾಣುಗಳು ಮಿಸುಕಾಡುತ್ತಿದ್ದವು.

“ಅಕ್ಕಾರ, ಏನೂ ಇಲ್ಲಂತ ಬರೀರಿ. ಊರಾಗ ಇನ್ನ ಇಪ್ಪತ್ತು ದಿನದ ನೀರಷ್ಟ ಉಳದೈತಿ,” ಎಂದ ಬಾವಿ ಕೊರೆಯುವ ಶಿವಪುತ್ರ.

ಆದರೂ ಅವಳು ‘ಜೀವವಿದೆ’ ಎಂದೇ ಬರೆದಳು. ಶಿವಪುತ್ರ ಬಾವಿಗೆ ಮುಚ್ಚಳ ಬಿಗಿದ.

ಸಂಜೆ ನೀರಿನ ಸಾಲಿನಲ್ಲಿ ನಿಂತಾಗ ಅವಳಿಗೆ ತಡೆಯಲಾಗಲಿಲ್ಲ. “ಏಳನೇದ್ರಾಗೂ ಜೀವ ಅದಾವು. ಅದನ್ನೂ ಮುಚ್ಚಿಸೀನ್ರಿ, ನಾನ,” ಎಂದುಬಿಟ್ಟಳು. ಮುಂದಿದ್ದ ಮುದುಕಿ ಗುರುಸಿದ್ಧವ್ವ ಖಾಲಿ ಕೊಡವನ್ನು ಸೊಂಟದ ಇನ್ನೊಂದು ಬದಿಗೆ ಬದಲಿಸಿ, ಅವಳತ್ತ ತಿರುಗಿ ಕೇಳಿದಳು:

“ನೆಲದೊಳಗ ಅಷ್ಟು ಥಂಡ್ಯಾಗ ಹ್ಯಾಂಗ ಅದಾವವ್ವಾ ಅವು? ಆರಾಮ ಅದಾವೇನು?”